ಪ್ಯಾಡ್ ಕೊಟ್ಟರೆ ಸಾಲದು, ಚಿಲಕ ಹಾಕಿಸಿ

1912ನೇ ಇಸವಿ. ನಮ್ಮ ಪಕ್ಕದ ಕೇರಳ ಆಗಿನ್ನೂ ಒಂದು ರಾಜ್ಯ ಆಗಿರಲಿಲ್ಲ. ಕೊಚ್ಚಿ ಒಂದು ಸಂಸ್ಥಾನ, ತಿರುವಾಂಕೂರು ಇನ್ನೊಂದು. ಆ ಕೊಚ್ಚಿ ಸಂಸ್ಥಾನದ ತೃಪ್ಪೂಣಿತ್ತುರದಲ್ಲಿ ಹೆಣ್ಣುಮಕ್ಕಳ ಒಂದು ಸರ್ಕಾರಿ ಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಒಂದು ತಲೆನೋವು. ಹಾಜರಾತಿ ನಿಯಮ ಬಿಗಿಯಾಗಿತ್ತು. ಆದರೆ ಮುಟ್ಟಾದ ದಿನಗಳಲ್ಲಿ ಹುಡುಗಿಯರು ಬರ್ತಿರಲಿಲ್ಲ, ಶಿಕ್ಷಕಿಯರೂ ಬರ್ತಿರಲಿಲ್ಲ. ಆ ದಿನವೇ ಪರೀಕ್ಷೆ ಬಿದ್ದರೆ ಹುಡುಗಿಯ ಒಂದು ವರ್ಷ ಹೋಯ್ತು.

ಮೇಷ್ಟ್ರು ಏನು ಮಾಡಿದರು? ಮೇಲಧಿಕಾರಿಗಳ ಹತ್ತಿರ ಹೋಗಿ ವಿಷಯ ಹೇಳಿದರು. ಮುಟ್ಟಾದ ವಿದ್ಯಾರ್ಥಿನಿಯರಿಗೆ ಪರೀಕ್ಷೆಯ ದಿನ ರಜೆ ಕೊಡಿ, ಬೇರೆ ದಿನ ಬರೆಯಲು ಬಿಡಿ ಅಂತ ಆದೇಶ ಬಂತು.

ಸ್ವಲ್ಪ ಯೋಚನೆ ಮಾಡಿ. ಸ್ವಾತಂತ್ರ್ಯ ಬರೋದಕ್ಕೆ 35 ವರ್ಷ ಮೊದಲು, ಒಬ್ಬ ಗಂಡಸು, ಒಬ್ಬ ಹೆಡ್‌ಮಾಸ್ಟರ್, ಈ ವಿಷಯವನ್ನ ಸರ್ಕಾರದ ಮುಂದೆ ಬಾಯಿಬಿಟ್ಟು ಮಾತಾಡಿದ್ದ. 111 ವರ್ಷ ಕಳೆದ ಮೇಲೆ, 2023ರ ಜನವರಿಯಲ್ಲಿ, ಅದೇ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ ಶೇ. 2ರಷ್ಟು ವಿನಾಯಿತಿ ಕೊಟ್ಟಿತು. ದೇಶವೆಲ್ಲ ಇದನ್ನ ಹೊಸ ಕ್ರಾಂತಿ ಅಂತ ಸುದ್ದಿ ಮಾಡಿತು. ನಮ್ಮ ಚಾನೆಲ್‌ಗಳೂ ಮಾಡಿದವು. ಹೊಸದೇನಲ್ಲ ಸ್ವಾಮಿ, ನಾವು ಮರೆತಿದ್ದೆವು ಅಷ್ಟೇ.

ಈ ವಿಷಯದಲ್ಲಿ ನಮ್ಮ ಇತಿಹಾಸವೇ ಹೀಗೆ. ಒಂದು ಹೆಜ್ಜೆ ಇಡ್ತೀವಿ, ಮರೀತೀವಿ. ಮತ್ತೆ ಅದೇ ಹೆಜ್ಜೆ ಇಟ್ಟು ಚಪ್ಪಾಳೆ ತಟ್ಟಿಸಿಕೊಳ್ತೀವಿ. ನಮ್ಮ ಮೈಸೂರಿನ ಕಥೆಯನ್ನೇ ನೋಡಿ.

1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಇವತ್ತಿನ ಮಹಾರಾಣಿ ಕಾಲೇಜಿಗೆ ಮೂಲ ಅದು. ಶಾಲೆಗೆ ಮಕ್ಕಳನ್ನ ಕರ್ಕೊಂಡು ಬರೋದು ಒಂದು ಕಷ್ಟವಾದರೆ, ಬಂದವರನ್ನ ಉಳಿಸಿಕೊಳ್ಳೋದು ಅದಕ್ಕಿಂತ ದೊಡ್ಡ ಕಷ್ಟ. ಯಾಕೆ? ಹುಡುಗಿ ಮೈನೆರೆಯುವ ಮೊದಲೇ ಮದುವೆ ಮಾಡಬೇಕು ಅನ್ನೋ ಕಾಲ ಅದು. ಮೈನೆರೆದಳು ಅಂದರೆ ಸ್ಲೇಟು ಮೂಲೆಗೆ, ಹುಡುಗಿ ಒಳಮನೆಗೆ. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಗೆ ಕಾನೂನು ತಂದಿತು. ಅದು ನಿಷೇಧಿಸಿದ್ದು ಎಷ್ಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನ ಗೊತ್ತಾ? ಎಂಟು! ಎಂಟು ತುಂಬಿದವಳ ಮದುವೆಗೆ ಬಹುಮಟ್ಟಿಗೆ ಅಡ್ಡಿ ಇರಲಿಲ್ಲ. ಅಷ್ಟಕ್ಕೇ ಅದನ್ನ ದೊಡ್ಡ ಸುಧಾರಣೆ ಅಂತ ಕರೆಯಬೇಕಾದ ಸ್ಥಿತಿ ಇತ್ತು. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆ ವಯಸ್ಸನ್ನ 14ಕ್ಕೆ ಏರಿಸಿತು.

ಅಂದರೆ ಮೊದಲ ಐವತ್ತು ವರ್ಷ ನಮ್ಮ ಹೋರಾಟ ಇದ್ದದ್ದು ಹುಡುಗಿ ದೊಡ್ಡವಳಾದ ಮೇಲೂ ಶಾಲೆಗೆ ಬರಬಹುದು ಅಂತ ಒಪ್ಪಿಸೋದಕ್ಕೆ. ಆ ಹೋರಾಟ ಬಹುಮಟ್ಟಿಗೆ ಗೆದ್ದೆವು. ಇವತ್ತು ಹಳ್ಳಿಯ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಎಂಟೂವರೆಗೆ ನಿಂತು ನೋಡಿ. ಬ್ಯಾಗ್ ಹಾಕಿಕೊಂಡು, ಎರಡು ಜಡೆ ಹಾಕಿಕೊಂಡು ಹೈಸ್ಕೂಲಿಗೆ ಹೊರಟ ಹುಡುಗಿಯರು ಕಾಣ್ತಾರೆ. ನಮ್ಮ ಅಜ್ಜಿಯರ ಕಾಲಕ್ಕೆ ಕಾಣದ ದೃಶ್ಯ ಅದು.

ಆದರೆ ಬಾಗಿಲು ತೆರೆದ ನಾವು, ಒಳಗೆ ಏನಿರಬೇಕು ಅಂತ ಯೋಚಿಸಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. "ಇದೆಲ್ಲ ನಮ್ಮ ಸಂಪ್ರದಾಯ, ಮೈಲಿಗೆ, ಟೀವಿಯವರು ಮೂಗು ತೂರಿಸಬೇಡಿ" ಅನ್ನೋರಿದ್ದಾರೆ. ಅವರಿಗೆ ನಾನು ವಿದೇಶದ ಉದಾಹರಣೆ ಕೊಡಲ್ಲ. ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ ಕರ್ಕೊಂಡು ಹೋಗ್ತೀನಿ. ಶರಣರು ಪಂಚಸೂತಕಗಳನ್ನ ತಿರಸ್ಕರಿಸಿದರು. ಜನನ, ಮರಣ, ಜಾತಿ, ಎಂಜಲು, ಅವುಗಳ ಜೊತೆಗೆ ರಜಸ್ಸು. ಮುಟ್ಟು ಮೈಲಿಗೆಯಲ್ಲ ಅಂತ ಕನ್ನಡದ ನೆಲದಲ್ಲಿ, ಎಂಟುನೂರು ವರ್ಷದ ಹಿಂದೆ ಹೇಳಿಯಾಗಿದೆ. ಇದು ಬೇರೆಲ್ಲಿಂದಲೋ ಬಂದ ವಿಚಾರ ಅಲ್ಲ, ನಮ್ಮ ಮನೆಯದೇ. ಅದೇ ನೆಲದಲ್ಲಿ ಇನ್ನೊಂದು ಚಿತ್ರವೂ ಇದೆ. ತುಮಕೂರು, ಚಿತ್ರದುರ್ಗ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು, ಬಾಣಂತಿಯರು ಊರ ಹೊರಗಿನ ಗುಡಿಸಲಲ್ಲಿ ದಿನ ಕಳೆಯುವ ಪದ್ಧತಿ. 2017ರಲ್ಲಿ ರಾಜ್ಯ ತಂದ ಮೌಢ್ಯ ನಿಷೇಧ ಕಾಯ್ದೆಯ ಪಟ್ಟಿಯಲ್ಲಿ, ಮುಟ್ಟಾದವರನ್ನ ಬಲವಂತವಾಗಿ ಊರಿಂದ ಬೇರೆ ಇಡೋದನ್ನ ಅಪರಾಧ ಅಂತ ಸೇರಿಸಬೇಕಾಯ್ತು. ಎಂಟುನೂರು ವರ್ಷದ ಹಿಂದೆ ಹೇಳಿದ್ದಕ್ಕೆ ಈಗ ಪೊಲೀಸ್ ಬೇಕು!

ಇನ್ನು ಪ್ಯಾಡಿನ ಕಥೆಗೆ ಬರೋಣ. ಈ ವಸ್ತು ಹುಟ್ಟಿದ್ದೇ ಯುದ್ಧದಲ್ಲಿ ಅಂದರೆ ನಂಬ್ತೀರಾ? ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟೋದಕ್ಕೆ ಅಮೆರಿಕದ ಕಂಪನಿಯೊಂದು ಮರದ ನಾರಿನಿಂದ, ಹತ್ತಿಗಿಂತ ಚೆನ್ನಾಗಿ ದ್ರವ ಹೀರುವ ಪಟ್ಟಿ ಮಾಡಿತ್ತು. ಆಸ್ಪತ್ರೆಯ ನರ್ಸುಗಳು ಅದನ್ನೇ ತಮ್ಮ ಮುಟ್ಟಿನ ದಿನಗಳಿಗೆ ಬಳಸಿಕೊಂಡರು. ಯುದ್ಧ ಮುಗಿದ ಮೇಲೆ, 1920ರ ಹೊತ್ತಿಗೆ, ಅದೇ ಸರಕು 'ಕೋಟೆಕ್ಸ್' ಹೆಸರಲ್ಲಿ ಅಂಗಡಿಗೆ ಬಂತು.

ಭಾರತದ ಬಡವರ ಮನೆಗೆ ಅದು ಬರೋದಕ್ಕೆ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಬೇಕಾಯ್ತು. ಕೊಯಮತ್ತೂರಿನ ಅರುಣಾಚಲಂ ಮುರುಗನಾಥಂ ಅವರ ಹೆಸರು ನಿಮಗೆ ಗೊತ್ತಿದೆ. ಸಿನಿಮಾ ಆದ ಮೇಲೆ ಎಲ್ಲರಿಗೂ ಗೊತ್ತಾಯ್ತು. ಶಾಲೆ ಬಿಟ್ಟ ವರ್ಕ್‌ಶಾಪ್ ಕೆಲಸಗಾರ. ಹೆಂಡತಿ ಹಳೇ ಬಟ್ಟೆ ಬಳಸೋದು ನೋಡಿ, ಅಗ್ಗದ ಪ್ಯಾಡ್ ಮಾಡೋದಕ್ಕೆ ಹೊರಟರು. ಹತ್ತಿ ಇಟ್ಟು ಮಾಡಿದ್ದೆಲ್ಲ ಸೋತಿತು. ಕೊನೆಗೆ ತಿಳಿದದ್ದು ಏನು? ದೊಡ್ಡ ಕಂಪನಿಗಳು ಬಳಸೋದು ಮರದ ನಾರು ಅಂತ. ಅದೇ, ಆ ನರ್ಸುಗಳಿಗೆ ಗೊತ್ತಿದ್ದ ಗುಟ್ಟು. ಕೋಟಿಗಟ್ಟಲೆ ಬೆಲೆಯ ವಿದೇಶಿ ಯಂತ್ರದ ಜಾಗದಲ್ಲಿ, ಮಹಿಳಾ ಸಂಘಗಳು ಕೊಳ್ಳಬಹುದಾದ ಸಣ್ಣ ಯಂತ್ರ ತಯಾರಾಯ್ತು. 2016ರಲ್ಲಿ ಪದ್ಮಶ್ರೀ ಬಂತು.

ಹಾಗಂತ ಬಟ್ಟೆ ಕೆಟ್ಟದ್ದು ಅಂತಲ್ಲ. ಇದನ್ನ ಗಮನವಿಟ್ಟು ಕೇಳಿ. ಸ್ವಚ್ಛವಾದ ಹತ್ತಿ ಬಟ್ಟೆ, ಸೋಪು ಹಾಕಿ ಒಗೆದು, ಬಿಸಿಲಲ್ಲಿ ಒಣಗಿಸಿದರೆ ಏನೂ ತೊಂದರೆ ಇಲ್ಲ. ಬಿಸಿಲಲ್ಲಿ ಒಣಗಿಸಲು ನಾವು ಬಿಡ್ತೀವಾ? ಅಣ್ಣ ನೋಡ್ತಾನೆ, ಅಪ್ಪ ನೋಡ್ತಾರೆ, ಪಕ್ಕದ ಮನೆಯವರು ನೋಡ್ತಾರೆ. ಆ ಬಟ್ಟೆ ಬಚ್ಚಲ ಮೂಲೆಯಲ್ಲಿ, ಇನ್ನೊಂದು ಬಟ್ಟೆಯ ಅಡಿಯಲ್ಲಿ, ಒದ್ದೆಯಾಗೇ ಉಳಿಯುತ್ತೆ. ಕಾಯಿಲೆ ತರೋದು ಬಟ್ಟೆಯಲ್ಲ, ನಾಚಿಕೆ.

ಸರ್ಕಾರ ಯಾವಾಗ ಎಚ್ಚೆತ್ತಿತು? 2011ರಲ್ಲಿ ಕೇಂದ್ರ ಆರೋಗ್ಯ ಇಲಾಖೆ 17 ರಾಜ್ಯಗಳ 107 ಜಿಲ್ಲೆಗಳಲ್ಲಿ ಒಂದು ಯೋಜನೆ ಶುರು ಮಾಡಿತು. ಆರು ಪ್ಯಾಡಿನ ಪ್ಯಾಕಿಗೆ ಆರು ರೂಪಾಯಿ, ಆಶಾ ಕಾರ್ಯಕರ್ತೆಯರ ಮೂಲಕ ಮಾರಾಟ. ಕರ್ನಾಟಕ 2013-14ರಲ್ಲಿ 'ಶುಚಿ' ಯೋಜನೆ ತಂದು ಹರೆಯದ ಹೆಣ್ಣುಮಕ್ಕಳಿಗೆ ಉಚಿತವಾಗಿ ಕೊಡೋದಕ್ಕೆ ಹೊರಟಿತು. ಒಳ್ಳೇ ಕೆಲಸ. ಎರಡು ಮಾತಿಲ್ಲ.

2017ರಲ್ಲಿ ಜಿಎಸ್‌ಟಿ ಬಂತು. ಬಳೆಗೆ ತೆರಿಗೆ ಇಲ್ಲ. ಬಿಂದಿಗೆ ತೆರಿಗೆ ಇಲ್ಲ. ಸಿಂಧೂರಕ್ಕೆ ತೆರಿಗೆ ಇಲ್ಲ. ಸ್ಯಾನಿಟರಿ ಪ್ಯಾಡಿಗೆ ಶೇ. 12! ದೇಶಾದ್ಯಂತ ಹೆಣ್ಣುಮಕ್ಕಳು ಕೂಗೆಬ್ಬಿಸಿದರು. ಒಂದು ವರ್ಷ ಬೇಕಾಯ್ತು. 2018ರ ಜುಲೈ 21ರಂದು ಜಿಎಸ್‌ಟಿ ಮಂಡಳಿ ಅದನ್ನ ಸೊನ್ನೆಗೆ ಇಳಿಸಿತು.

ಈಗ ಅಂಕಿ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮುಟ್ಟಿನ ದಿನಗಳಲ್ಲಿ ಸ್ವಚ್ಛ ವಿಧಾನ ಬಳಸುವ 15ರಿಂದ 24 ವಯಸ್ಸಿನವರ ಪ್ರಮಾಣ 2015-16ರಲ್ಲಿ ಶೇ. 57.6 ಇತ್ತು. 2019-21ರ ಸಮೀಕ್ಷೆಯಲ್ಲಿ ಶೇ. 77.3 ಆಯ್ತು. ದೊಡ್ಡ ಜಿಗಿತ. ಇದನ್ನ ಕೇಳಿದ ಕೂಡಲೇ ಅಧಿಕಾರಿಗಳು "ಸಮಸ್ಯೆ ಮುಗಿಯಿತು" ಅಂತ ಫೈಲು ಮುಚ್ತಾರೆ.

ಮುಗಿದಿಲ್ಲ. ಯಾಕೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ಹೇಳ್ತೀನಿ.

ಆ ಎಂಟೂವರೆ ಬಸ್ಸಿನ ಹುಡುಗಿಯನ್ನೇ ತಗೊಳ್ಳಿ. ಶಾಲೆ ಬಿಟ್ಟು, ಸಂಜೆ ಬಸ್ಸು ಹಿಡಿದು ಮನೆ ಸೇರೋ ಹೊತ್ತಿಗೆ ಐದೂವರೆ. ಒಂಬತ್ತು ಗಂಟೆ ಆಯ್ತು. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಿ ಅಂತಾರೆ ವೈದ್ಯರು. ಅಂದರೆ ಶಾಲೆಯಲ್ಲಿ ಕನಿಷ್ಠ ಒಂದು ಸಲ ಬದಲಾಯಿಸಲೇಬೇಕು. ಎಲ್ಲಿ? ಶೌಚಾಲಯದಲ್ಲಿ. ಅದಕ್ಕೆ ಬೀಗ ಇದ್ದರೆ? ಬೀಗ ಇಲ್ಲ, ಆದರೆ ಬಾಗಿಲಿಗೆ ಚಿಲಕ ಇಲ್ಲದಿದ್ದರೆ? ಚಿಲಕ ಇದೆ, ನೀರಿಲ್ಲದಿದ್ದರೆ? ನೀರಿದೆ, ಬಳಸಿದ ಪ್ಯಾಡ್ ಹಾಕೋದಕ್ಕೆ ಮುಚ್ಚಳದ ಬಕೆಟ್ ಇಲ್ಲದಿದ್ದರೆ? ಹುಡುಗಿ ಏನು ಮಾಡ್ತಾಳೆ? ಒಂದೋ ಒಂಬತ್ತು ಗಂಟೆ ಒಂದೇ ಪ್ಯಾಡಲ್ಲಿ, ನೀರು ಕುಡಿಯದೆ, ಬೆಂಚು ಬಿಟ್ಟು ಏಳದೆ ಕೂರ್ತಾಳೆ. ಇಲ್ಲವಾದರೆ ಮನೆಯಲ್ಲೇ ಉಳೀತಾಳೆ. ಸರ್ಕಾರ ಕೊಟ್ಟ ಪ್ಯಾಡ್ ಅವಳ ಬ್ಯಾಗಲ್ಲೇ ಇರುತ್ತೆ!

ನಾನು ಓದಿದ್ದು ಇಂಜಿನಿಯರಿಂಗ್. ನನಗೆ ಇದು ದೀಪಾವಳಿಯ ಹಳೇ ಸೀರಿಯಲ್ ಸೆಟ್ ಥರ ಕಾಣುತ್ತೆ. ಬಲ್ಬುಗಳೆಲ್ಲ ಒಂದರ ಹಿಂದೆ ಒಂದು. ಅದರಲ್ಲಿ ಒಂದು ಹೋದರೂ ಇಡೀ ಸಾಲು ಕತ್ತಲು. ಪ್ಯಾಡು ಒಂದು ಬಲ್ಬು. ಚಿಲಕ ಒಂದು. ನೀರು ಒಂದು. ಬಕೆಟ್ಟು ಒಂದು. ತಿಳಿವಳಿಕೆ ಇನ್ನೊಂದು. ನಾವು ಪ್ರತಿ ಸಲ ಒಂದೇ ಬಲ್ಬು ಬದಲಾಯಿಸಿ, ಯಾಕೆ ದೀಪ ಹತ್ತಲಿಲ್ಲ ಅಂತ ತಲೆ ಕೆರೆದುಕೊಳ್ತಿದೀವಿ.

ಇದು ಬರೀ ನನ್ನ ಊಹೆ ಅಲ್ಲ. ನೇಪಾಳದ ಚಿತ್ವಾನ್‌ನಲ್ಲಿ ಎಮಿಲಿ ಆಸ್ಟರ್, ರೆಬೆಕಾ ಥಾರ್ನ್‌ಟನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞೆಯರು ಸುಮಾರು 200 ಶಾಲಾ ಹುಡುಗಿಯರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಮುಟ್ಟಿನ ಕಪ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 2011ರಲ್ಲಿ ಫಲಿತಾಂಶ ಪ್ರಕಟವಾಯ್ತು. ಹುಡುಗಿಯರಿಗೆ ಕಪ್ ಇಷ್ಟವಾಗಿತ್ತು, ಬಟ್ಟೆ ಒಗೆಯುವ ಕೆಲಸ ಕಡಿಮೆ ಆಗಿತ್ತು. ಆದರೆ ಹಾಜರಾತಿ? ಹೆಚ್ಚೇನೂ ಬದಲಾಗಲಿಲ್ಲ. ವಸ್ತು ಕೊಟ್ಟ ಮಾತ್ರಕ್ಕೆ ಶಾಲೆ ತುಂಬುತ್ತೆ ಅನ್ನೋ ನಂಬಿಕೆಗೆ ದೊಡ್ಡ ಪೆಟ್ಟು ಅದು.

ಹಾಗಾದರೆ ಯಾವುದರಿಂದ ಬದಲಾಗುತ್ತೆ? ಉತ್ತರ ನಮ್ಮ ದೇಶದಲ್ಲೇ ಸಿಕ್ಕಿತು. 2003ರಲ್ಲಿ ದೊಡ್ಡ ಪ್ರಮಾಣದಲ್ಲಿ ಶಾಲೆಗಳಿಗೆ ಶೌಚಾಲಯ ಕಟ್ಟಿಸುವ ಕಾರ್ಯಕ್ರಮ ನಡೆದಿತ್ತು. ಅಂಜಲಿ ಅದುಕಿಯಾ ಅನ್ನೋ ಸಂಶೋಧಕಿ ಆ ಶಾಲೆಗಳ ದಾಖಲಾತಿ ಲೆಕ್ಕ ಕೂಡಿಸಿ ನೋಡಿದರು. ಸಣ್ಣ ಮಕ್ಕಳಿಗೆ ಯಾವ ಶೌಚಾಲಯವಾದರೂ ಅನುಕೂಲವಾಗಿತ್ತು. ಹರೆಯದ ಹುಡುಗಿಯರ ದಾಖಲಾತಿ ಚೆನ್ನಾಗಿ ಏರಿದ್ದು ಮಾತ್ರ ಹುಡುಗಿಯರಿಗೇ ಅಂತ ಪ್ರತ್ಯೇಕ ಶೌಚಾಲಯ ಕಟ್ಟಿದ ಕಡೆ. ಅಲ್ಲಿ ಯಾರೂ ಪ್ಯಾಡ್ ಹಂಚಿರಲಿಲ್ಲ. ಹುಡುಗಿಗೆ ಒಂದು ಮರೆ ಕೊಟ್ಟಿದ್ದರು, ಅಷ್ಟೇ.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತ್ಯೇಕ ಶೌಚಾಲಯ ಇರಲೇಬೇಕು ಅಂತ ಹೇಳಿತು. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎಲ್ಲ ರಾಜ್ಯಗಳಿಗೆ ಗಡುವು ಕೊಟ್ಟಿತು. 2014ರ ಆಗಸ್ಟ್ 15ರಂದು ಪ್ರಧಾನಿ ಕೆಂಪು ಕೋಟೆಯಿಂದಲೇ ಈ ಮಾತು ಎತ್ತಿದರು. ಒಂದು ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಶೌಚಾಲಯ ಕಟ್ಟಿದ್ದೇವೆ ಅಂತ ಕೇಂದ್ರ ಹೇಳಿತು. ಕಟ್ಟಿದ್ದು ನಿಜ. ಆದರೆ ಕಟ್ಟೋದಕ್ಕೆ ಗುತ್ತಿಗೆದಾರ ಸಿಕ್ತಾನೆ, ದಿನಾ ತೊಳೆಯೋದಕ್ಕೆ ಯಾರು ಸಿಕ್ತಾರೆ? ಉದ್ಘಾಟನೆಗೆ ರಿಬ್ಬನ್ ಇರುತ್ತೆ, ನಲ್ಲಿ ರಿಪೇರಿಗೆ ರಿಬ್ಬನ್ ಇರಲ್ಲ.

ಇನ್ನು ತಿಳಿವಳಿಕೆ ಅನ್ನೋ ಬಲ್ಬು. ಹರೆಯದ ಮಕ್ಕಳಿಗೆ ದೇಹದ ಬಗ್ಗೆ ಹೇಳಿಕೊಡುವ ಕಾರ್ಯಕ್ರಮವೊಂದನ್ನ ಕೇಂದ್ರ ತಂದಾಗ, 2007ರಲ್ಲಿ ಹಲವು ರಾಜ್ಯಗಳು ಅದನ್ನ ತಡೆದವು. ಸಂಸ್ಕೃತಿ ಹಾಳಾಗುತ್ತೆ ಅಂತ. ತಡೆದವರ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಪರಿಣಾಮ ಏನು? ಮೊದಲ ಸಲ ಮುಟ್ಟಾದಾಗ ತನಗೇನೋ ರೋಗ ಬಂತು ಅಂತ ಹೆದರಿ ಅಳುವ ಹುಡುಗಿಯರು ಇವತ್ತಿಗೂ ಇದ್ದಾರೆ. ಲಂಗದ ಮೇಲಿನ ಕಲೆ ನೋಡಿ ನಗೋ ಹುಡುಗರೂ ಇದ್ದಾರೆ. ಆ ಹುಡುಗರಿಗೆ ಯಾರು ಹೇಳಿಕೊಟ್ಟಿದ್ದಾರೆ ಹೇಳಿ? ವಿಜ್ಞಾನದ ಪುಸ್ತಕದಲ್ಲಿ ಪಾಠ ಇದೆ. ಎಷ್ಟೋ ಕಡೆ ಮೇಷ್ಟ್ರು "ಇದನ್ನ ಮನೇಲಿ ಓದ್ಕೊಳ್ಳಿ" ಅಂತ ಪುಟ ತಿರುವುತ್ತಾರೆ. 1912ರ ಆ ಮುಖ್ಯೋಪಾಧ್ಯಾಯರ ಧೈರ್ಯ ನಮಗೆ ಈಗಲೂ ಬರಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವ ಅಧ್ಯಾಯ. ನಮ್ಮ ಶುಚಿ ಯೋಜನೆ ಏನಾಯ್ತು? ಕೊರೊನಾ ವರ್ಷಗಳಲ್ಲಿ ಪೂರೈಕೆ ನಿಂತಿತು. ಶಾಲೆಗಳು ತೆರೆದವು, ಪ್ಯಾಡ್ ಬರಲಿಲ್ಲ. ಮತ್ತೆ ಯೋಜನೆ ಚಾಲೂ ಆಗಿದ್ದು 2024ರಲ್ಲಿ. ಈ ನಡುವೆ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಯೋಗಾರ್ಥ ಮುಟ್ಟಿನ ಕಪ್ ವಿತರಣೆಗೆ ಸರ್ಕಾರ ಮುಂದಾಯ್ತು ಅನ್ನೋದು ನಿಜ, ಅದನ್ನ ಮೆಚ್ಚೋಣ. ಆದರೆ ಲೆಕ್ಕ ಹಾಕಿ. 2020ರಲ್ಲಿ ಎಂಟನೇ ಕ್ಲಾಸಿಗೆ ಸೇರಿದ ಹುಡುಗಿ 2023ಕ್ಕೆ ಎಸ್‌ಎಸ್‌ಎಲ್‌ಸಿ ಬರೆದಳು. ಅವಳ ಇಡೀ ಹೈಸ್ಕೂಲು ಮುಗಿದೇ ಹೋಯ್ತು. ಯೋಜನೆ ವಾಪಸ್ ಬಂತು. ಅವಳ ಮೂರು ವರ್ಷ ವಾಪಸ್ ಬರುತ್ತಾ?

ವಿಧಾನಸೌಧದಲ್ಲಿ ಫೈಲು ನಿಲ್ಲಬಹುದು. ಟೆಂಡರ್ ಮುಂದಕ್ಕೆ ಹೋಗಬಹುದು. ಹುಡುಗಿಯ ತಿಂಗಳು ಮುಂದಕ್ಕೆ ಹೋಗಲ್ಲ ಸ್ವಾಮಿ.

ಅದಕ್ಕೇ ಬೇಕಿರೋದು ಯೋಜನೆ ಅಲ್ಲ, ಹಕ್ಕು. ಆಫ್ರಿಕಾದ ಕೀನ್ಯಾ 2017ರಲ್ಲಿ ಶಿಕ್ಷಣ ಕಾಯ್ದೆಗೇ ತಿದ್ದುಪಡಿ ತಂದು, ಸರ್ಕಾರಿ ಶಾಲೆಯ ಹುಡುಗಿಯರಿಗೆ ಉಚಿತವಾಗಿ, ಸಾಕಾಗುವಷ್ಟು ಪ್ಯಾಡ್ ಕೊಡೋದು ಸರ್ಕಾರದ ಹೊಣೆ ಅಂತ ಬರೆಯಿತು. ಬಳಸಿದ್ದನ್ನ ಸುರಕ್ಷಿತವಾಗಿ ವಿಲೇವಾರಿ ಮಾಡುವ ವ್ಯವಸ್ಥೆಯನ್ನೂ ಅದರಲ್ಲೇ ಸೇರಿಸಿತು. ನಮ್ಮಲ್ಲೂ 2026ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಮುಟ್ಟಿನ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿತು. ಶಾಲೆಗಳಲ್ಲಿ ಉಚಿತ ಪ್ಯಾಡ್ ಕೊಡಿ, ಬಳಸಲು ಯೋಗ್ಯವಾದ ಪ್ರತ್ಯೇಕ ಶೌಚಾಲಯ ಇರಲಿ ಅಂತ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಪ್ಯಾಡನ್ನೂ ಶೌಚಾಲಯವನ್ನೂ ಒಟ್ಟಿಗೆ ಇಟ್ಟು ಹೇಳಿತು ಅನ್ನೋದೇ ಇಲ್ಲಿ ಮುಖ್ಯ.

ಆದರೆ 2012ರಲ್ಲೂ ಒಂದು ತೀರ್ಪು ಬಂದಿತ್ತು ಅನ್ನೋದನ್ನ ನೆನಪಿಡಿ. ಆದೇಶ ದೆಹಲಿಯಿಂದ ಬರುತ್ತೆ. ಚಿಲಕ ದೆಹಲಿಯಿಂದ ಬರಲ್ಲ. ಅದು ಊರಿನ ಹಾರ್ಡ್‌ವೇರ್ ಅಂಗಡಿಯಿಂದ ಬರಬೇಕು.

ಹೀಗಾಗಿ ನನ್ನ ಮನವಿ ಮಂತ್ರಿಗಳಿಗಲ್ಲ, ಈ ಪುಟ ಓದುತ್ತಿರುವ ಅಪ್ಪಂದಿರಿಗೆ, ಅಣ್ಣಂದಿರಿಗೆ. ಪ್ರತಿ ವರ್ಷ ಮೇ 28ರಂದು ಮುಟ್ಟಿನ ಸ್ವಚ್ಛತಾ ದಿನ ಅಂತ ನಾವು ಟೀವಿಯಲ್ಲಿ ಒಂದು ಕಾರ್ಯಕ್ರಮ ಮಾಡ್ತೀವಿ. ಆ ಹೊತ್ತಿಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಮುಗಿಯುತ್ತಿರುತ್ತೆ. ಅದೇ ಸರಿಯಾದ ಸಮಯ. ನಿಮ್ಮೂರ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಅಂತ ಸಮಿತಿ ಇದೆ. ಅದರಲ್ಲಿ ಪೋಷಕರೇ ಇರ್ತಾರೆ. ವರ್ಷದ ಮೊದಲ ಸಭೆಯಲ್ಲಿ ಎದ್ದು ನಿಂತು ಐದೇ ಪ್ರಶ್ನೆ ಕೇಳಿ.

ಹುಡುಗಿಯರ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತೆ? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ಮಧ್ಯಾಹ್ನ ಎರಡು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತಾ? ಮುಚ್ಚಳದ ಬಕೆಟ್ ಇದೆಯಾ, ಅದನ್ನ ಖಾಲಿ ಮಾಡೋರು ಯಾರು, ಅವರಿಗೆ ಸಂಬಳ ಕೊಡೋರು ಯಾರು? ಕ್ಲಾಸಲ್ಲಿ ಇದ್ದಕ್ಕಿದ್ದಂತೆ ಮುಟ್ಟಾದ ಹುಡುಗಿ ಯಾವ ಟೀಚರ್ ಹತ್ತಿರ ಹೋಗಿ ಪ್ಯಾಡ್ ಕೇಳಬೇಕು?

ಕೇಳೋದಕ್ಕೆ ಸ್ವಲ್ಪ ಮುಜುಗರ ಆಗುತ್ತೆ, ಗೊತ್ತು. ನಿಮ್ಮ ಮಗಳು ಆ ಮುಜುಗರವನ್ನ ಪ್ರತಿ ತಿಂಗಳು, ಒಬ್ಬಳೇ, ಬೆಂಚಿನ ಮೇಲೆ ಕೂತು ಅನುಭವಿಸ್ತಿದ್ದಾಳೆ. ಸಭೆಯಲ್ಲಿ ನಿಮಗಾಗೋದು ಎರಡು ನಿಮಿಷ ಮಾತ್ರ.